ನೆಲದ ಮೇಲೆ ಕೊಟ್ಟ ದನದ ಪರಿಹಾರ: ಗಡಿನಾಡಿನ ಬರಗಾಲಗಳಲ್ಲಿ ಸರ್ಕಾರಿ ನೆರವಿನ ಚರಿತ್ರೆ

ಬರಗಾಲವನ್ನು ಕುರಿತ ನಮ್ಮ ಚರಿತ್ರೆಯ ಬರವಣಿಗೆ ಬಹುಮಟ್ಟಿಗೆ ಮನುಷ್ಯನ ಹಸಿವಿನ ಚರಿತ್ರೆಯಾಗಿದೆ. ಅದು ಸಹಜವೂ ಹೌದು, ನ್ಯಾಯವೂ ಹೌದು. 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವೊಂದೇ ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತೆಂಬುದನ್ನು ನೆನೆದಾಗ ಉಳಿದ ಲೆಕ್ಕಗಳೆಲ್ಲ ಹಿಂದೆ ಸರಿಯುತ್ತವೆ. ಆದರೆ ಒಕ್ಕಲುತನದ ನಾಡಿನಲ್ಲಿ ದನಕರುಗಳ ಸಾವನ್ನು ಬರಗಾಲದ ಒಂದು ಉಪಕಥೆಯೆಂದು ಭಾವಿಸುವುದು ಸರಿಯಾಗದು. ಮಳೆ ಮರಳಿದ ವರ್ಷ ಕೂಲಿಕಾರನಿಗೆ ಕೆಲಸ ಸಿಗುತ್ತದೆ. ಎತ್ತು ಸತ್ತ ಮನೆಯವನಿಗೆ ಮಳೆ ಬಂದರೂ ಬಿತ್ತಲಾಗುವುದಿಲ್ಲ. ಅವನ ಬರಗಾಲ ಇನ್ನೊಂದು ವರ್ಷ ಮುಂದುವರಿಯುತ್ತದೆ.

ಈ ಕಾರಣದಿಂದಲೇ ಸರ್ಕಾರಗಳು, ಅವು ವಸಾಹತುಶಾಹಿಯವಾಗಿರಲಿ ಸ್ವತಂತ್ರ ಭಾರತದವಾಗಿರಲಿ, ಜಾನುವಾರು ಉಳ್ಳವರಿಗೆ ತುರ್ತುನೆರವು ನೀಡುವ ಪ್ರಶ್ನೆಯನ್ನು ಪದೇ ಪದೇ ಎದುರಿಸಿವೆ. ನೆರವಿನ ರೂಪಗಳು ಬದಲಾಗಿವೆ: ಮೊದಲು ಸಾಲ, ಆಮೇಲೆ ಮೇವು, ಕೊನೆಗೆ ತಲೆಗಿಷ್ಟೆಂಬ ಪರಿಹಾರಧನ. ಈ ಬದಲಾವಣೆಗಳ ನಡುವೆಯೂ ಒಂದು ಸಂಗತಿ ಬಹುಪಾಲು ಹಾಗೆಯೇ ಉಳಿದು ಬಂದಿದೆಯೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ದನದ ಹೆಸರಿನಲ್ಲಿ ಕೊಟ್ಟ ನೆರವು ನೆಲದ ಲೆಕ್ಕದ ಮೂಲಕವೇ ಜನರನ್ನು ತಲುಪಿತು. ಹೀಗಾಗಿ ನೆಲವಿಲ್ಲದೆ ಪ್ರಾಣಿಯೇ ಸರ್ವಸ್ವವಾಗಿರುವವನು, ಮುಖ್ಯವಾಗಿ ಕುರಿಗಾರನು, ನೆರವಿನ ಅಂಚಿನಲ್ಲಿಯೇ ನಿಂತನು.

ಅಧ್ಯಯನದ ಕ್ಷೇತ್ರವಾಗಿ ಇಂದಿನ ವಿಜಯಪುರ ಜಿಲ್ಲೆ, ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ಮತ್ತು ದಕ್ಷಿಣ ಸೋಲಾಪುರ ತಾಲ್ಲೂಕುಗಳು, ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು, ಇವುಗಳನ್ನು ಒಳಗೊಂಡ ಒಣಬಯಲನ್ನು ಇಟ್ಟುಕೊಳ್ಳಲಾಗಿದೆ. ಈ ಬಯಲಿನ ಎರಡೂ ಮಗ್ಗುಲಲ್ಲಿ ಕನ್ನಡ ಮಾತನಾಡುವ ಒಕ್ಕಲಿಗರೂ ಕುರುಬರೂ ಇದ್ದಾರೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ಉಳಿದವು ಮುಂಬಯಿ ರಾಜ್ಯದಲ್ಲಿಯೂ 1960ರ ಅನಂತರ ಮಹಾರಾಷ್ಟ್ರದಲ್ಲಿಯೂ ಉಳಿದವು. ಒಂದೇ ಹವೆ, ಒಂದೇ ಬೆಳೆ, ಒಂದೇ ತಳಿಯ ದನ, ಎರಡು ಸರ್ಕಾರ ಎಂಬ ಈ ಸ್ಥಿತಿ ತೌಲನಿಕ ಅಧ್ಯಯನಕ್ಕೆ ಒದಗಿಬಂದ ಅನುಕೂಲವಾಗಿದೆ.

1. ಕಾಳೂ ಕಣಿಕೆಯೂ

ಈ ಬಯಲು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಇಲ್ಲಿಯ ಮುಖ್ಯ ಬೆಳೆ ಹಿಂಗಾರಿ ಜೋಳ. ಜೋಳದ ಕಾಳು ಮನೆಯವರಿಗೆ, ಅದರ ಕಣಿಕೆ ದನಗಳಿಗೆ. ಒಂದು ಬೆಳೆಯಿಂದ ಎರಡು ಹೊಟ್ಟೆ ತುಂಬಬೇಕು. ಬಣವಿಯ ಎತ್ತರವನ್ನು ನೋಡಿ ಮನೆತನದ ಸ್ಥಿತಿಗತಿಯನ್ನು ಅಳೆಯುವ ವಾಡಿಕೆ ಹುಟ್ಟಿದ್ದು ಇದರಿಂದಲೇ. ಹಿಂಗಾರಿ ಮಳೆ ಕೈಕೊಟ್ಟಾಗ ಕಾಳಿನ ಕೊರತೆಯೂ ಮೇವಿನ ಕೊರತೆಯೂ ಒಂದೇ ವಾರದಲ್ಲಿ ಬಾಗಿಲಿಗೆ ಬರುತ್ತವೆ. ಕಾಳನ್ನು ದೂರದಿಂದ ತರಿಸಬಹುದು. ಮೇವನ್ನು ತರಿಸುವುದು ಕಷ್ಟ. ಕಣಿಕೆಯೂ ಹುಲ್ಲೂ ತೂಕಕ್ಕಿಂತ ಗಾತ್ರವೇ ಹೆಚ್ಚಾಗಿರುವ ಸರಕು. ಬಂಡಿಯಲ್ಲಾಗಲಿ ರೈಲಿನ ಡಬ್ಬಿಯಲ್ಲಾಗಲಿ ಹೇರಿದರೆ ಸಾಗಣೆಯ ವೆಚ್ಚ ಮೇವಿನ ಬೆಲೆಯನ್ನು ಮೀರುತ್ತದೆ. 1876–78ರ ಕ್ಷಾಮದ ಅನುಭವದಿಂದ ಹಾಕಲ್ಪಟ್ಟ ಹೋಟಗಿ–ಗದಗ ರೈಲುಮಾರ್ಗ 1884ರಲ್ಲಿ ಬಿಜಾಪುರದ ಮೂಲಕ ತೆರೆಯಿತು. ಮುಂದಿನ ಬರಗಾಲಗಳಲ್ಲಿ ಅದು ಕಾಳನ್ನು ತಂದಷ್ಟು ಸುಲಭವಾಗಿ ಮೇವನ್ನು ತರಲಾರದಾದದ್ದಕ್ಕೆ ಈ ಗಾತ್ರದ ಲೆಕ್ಕವೇ ಕಾರಣ. ಮೇವಿನ ಸಾಗಣೆಗೆ ಬಾಡಿಗೆ ರಿಯಾಯಿತಿ ನೀಡುವ ಪದ್ಧತಿ ಕ್ಷಾಮ ನಿರ್ವಹಣೆಯಲ್ಲಿ ನೆಲೆಗೊಂಡದ್ದೂ ಇದರಿಂದಲೇ.

ಇಲ್ಲಿಯ ಪ್ರಸಿದ್ಧ ದನ ಖಿಲಾರಿ. ಜತ್ತ, ಆಟಪಾಡಿ, ಸಾಂಗೋಲೆ, ಮಂಗಳವೇಢೆಗಳಿಂದ ವಿಜಯಪುರದವರೆಗೆ ಹಬ್ಬಿರುವ ಈ ತಳಿ ಹಾಲಿಗಿಂತ ದುಡಿಮೆಗೆ ಹೆಸರಾದುದು. ಎರೆಭೂಮಿಯಲ್ಲಿ ಕುಂಟೆ ಹೊಡೆಯಲು, ಕೂರಿಗೆ ಎಳೆಯಲು ಜೋಡೆತ್ತು ಬೇಕೇ ಬೇಕು. ಹಳೆಯ ಸರ್ಕಾರಿ ಕಾಗದಪತ್ರಗಳಲ್ಲಿ ಬರಗಾಲದ ನೆರವಿಗೆ ಸಂಬಂಧಿಸಿ ‘ದನ’ ಎಂಬ ಮಾತು ಬಂದಾಗ ಅದರ ಹಿಂದೆ ಮುಖ್ಯವಾಗಿ ಇರುವುದು ಉಳುವ ಎತ್ತು. ಎತ್ತು ಸತ್ತರೆ ಬಿತ್ತನೆಯಿಲ್ಲ, ಬಿತ್ತನೆಯಿಲ್ಲದಿದ್ದರೆ ಕಂದಾಯವಿಲ್ಲ. ಸರ್ಕಾರಕ್ಕೆ ಎತ್ತಿನ ಮೇಲಿದ್ದ ಕಾಳಜಿಯಲ್ಲಿ ಕರುಣೆಯ ಪಾಲೆಷ್ಟು, ಕಂದಾಯದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಆದರೆ ನೆರವಿನ ಕಾನೂನುಗಳು ಯಾರನ್ನು ಉದ್ದೇಶಿಸಿದ್ದವೆಂಬುದು ಸ್ಪಷ್ಟವಾಗಿಯೇ ಇದೆ.

2. ತಗಾವಿ

ಬಲಪಡಿಸುವುದು ಎಂಬರ್ಥದ ಅರಬ್ಬಿ ಮೂಲದಿಂದ ಬಂದ ‘ತಗಾವಿ’ ಅಥವಾ ‘ತಕಾವಿ’ ಎಂಬ ಮಾತು ಬ್ರಿಟಿಷರಿಗಿಂತ ಹಳೆಯದು. ಒಕ್ಕಲಿಗನಿಗೆ ಬೀಜಕ್ಕೂ ಎತ್ತಿಗೂ ಅರಸೊತ್ತಿಗೆ ಮುಂಗಡ ಕೊಟ್ಟು ಸುಗ್ಗಿಯಲ್ಲಿ ಹಿಂದಕ್ಕೆ ಪಡೆಯುವ ಪದ್ಧತಿಗೆ ಈ ಹೆಸರಿತ್ತು. ಮರಾಠಿಯಲ್ಲಿ ಇದು ‘ತಗಾಯಿ’ ಆಯಿತು. 1875ರ ದಖ್ಖನ್ ದಂಗೆಗಳು ಸಾಹುಕಾರರ ಸಾಲದ ಹೊರೆಯನ್ನು ಸರ್ಕಾರದ ಕಣ್ಣಿಗೆ ತಂದವು. ಅದರ ಬೆನ್ನಿಗೇ ಬಂದ ಮಹಾಕ್ಷಾಮವು ರೈತನ ನಿರಾಧಾರ ಸ್ಥಿತಿಯನ್ನು ಬಯಲು ಮಾಡಿತು. ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ನೀಡಿತು. ಆಮೇಲೆ ಎರಡು ಅಧಿನಿಯಮಗಳು ಬಂದವು: ಬಾವಿ, ಬದು ಮೊದಲಾದ ಶಾಶ್ವತ ಕೆಲಸಗಳಿಗೆ 1883ರ ಭೂ ಅಭಿವೃದ್ಧಿ ಸಾಲಗಳ ಅಧಿನಿಯಮ, ಸಂಕಟ ನಿವಾರಣೆಗೂ ಬೀಜ ಮತ್ತು ದನಗಳ ಖರೀದಿಗೂ 1884ರ ಕೃಷಿಕರ ಸಾಲಗಳ ಅಧಿನಿಯಮ.

ಎರಡನೆಯ ಅಧಿನಿಯಮವು ನಮ್ಮ ವಿಷಯಕ್ಕೆ ಮೂಲಭೂತವಾದುದು. ಬರದಲ್ಲಿ ದನ ಕಳೆದುಕೊಂಡವನು ಮತ್ತೆ ದನ ಕೊಳ್ಳಲು ಸರ್ಕಾರದಿಂದ ಹಣ ಪಡೆಯಬಹುದೆಂದು ಕಾನೂನಿನ ಮಾತಿನಲ್ಲಿಯೇ ಅದು ಒಪ್ಪಿಕೊಂಡಿತು. ಆದರೆ ಈ ಸಾಲ ಯಾರಿಗೆ ಸಲ್ಲಬೇಕೆಂಬುದನ್ನೂ ಅದು ನಿರ್ದಿಷ್ಟವಾಗಿ ಹೇಳಿತು: ಸಾಗುವಳಿಗೆ ಯೋಗ್ಯವಾದ ಭೂಮಿಯ ಒಡೆಯರಿಗೆ ಮತ್ತು ಅದನ್ನು ಅನುಭೋಗಿಸುತ್ತಿರುವವರಿಗೆ. ಸಾಲ ಮರುಪಾವತಿಯಾಗದಿದ್ದರೆ ಕಂದಾಯದ ಬಾಕಿಯಂತೆಯೇ ವಸೂಲು ಮಾಡಬಹುದಾಗಿತ್ತು. ದನ ಕೊಳ್ಳುವ ಸಾಲಕ್ಕೆ ದನವಿದ್ದ ಇತಿಹಾಸ ಅರ್ಹತೆಯಾಗಲಿಲ್ಲ, ನೆಲವಿರುವುದು ಅರ್ಹತೆಯಾಯಿತು.

ಸಾಲ ಕೊಡುವವನ ದೃಷ್ಟಿಯಿಂದ ನೋಡಿದರೆ ಇದರಲ್ಲಿ ತರ್ಕವಿಲ್ಲದಿಲ್ಲ. ದನ ಸಾಯುತ್ತದೆ, ಮಾರಾಟವಾಗುತ್ತದೆ, ಗಡಿ ದಾಟುತ್ತದೆ. ನೆಲ ಇದ್ದಲ್ಲಿಯೇ ಇರುತ್ತದೆ. ಹಿಂದಕ್ಕೆ ಬರಬೇಕಾದ ಹಣಕ್ಕೆ ಚಲಿಸದ ಆಧಾರವನ್ನು ಬಯಸಿದ್ದು ಕಂದಾಯ ಇಲಾಖೆಯ ಸಹಜ ಎಚ್ಚರಿಕೆ. ಇನ್ನೊಂದು ಮಾತೂ ಗಮನಾರ್ಹ. ಕ್ಷಾಮ ಸಂಹಿತೆಗಳು ನೆಲವಿಲ್ಲದವರನ್ನು ಪೂರ್ಣವಾಗಿ ಮರೆತಿರಲಿಲ್ಲ. ಅವರಿಗೆ ಕೆರೆ, ರಸ್ತೆಗಳ ಪರಿಹಾರ ಕಾಮಗಾರಿಗಳಲ್ಲಿ ಕೂಲಿ, ಅಶಕ್ತರಿಗೆ ಪುಕ್ಕಟೆ ಅನ್ನ ಎಂಬ ವ್ಯವಸ್ಥೆ ಇತ್ತು. ನೆಲವುಳ್ಳವನಿಗೆ ತಗಾವಿ, ನೆಲವಿಲ್ಲದವನಿಗೆ ಕೂಲಿ ಎಂಬುದು ಈ ವಿಭಜನೆಯ ಸೂತ್ರ.

ಈ ಸೂತ್ರದಲ್ಲಿ ಒಂದು ಬಿರುಕಿತ್ತು. ನೆಲವಿಲ್ಲದಿದ್ದರೂ ಪ್ರಾಣಿಸಂಪತ್ತುಳ್ಳವನು ಎರಡೂ ವರ್ಗಕ್ಕೆ ಸೇರುತ್ತಿರಲಿಲ್ಲ. ತಗಾವಿಗೆ ಅವನ ಬಳಿ ನೆಲವಿಲ್ಲ. ಕಾಮಗಾರಿಗೆ ಹೋದರೆ ಹಿಂಡನ್ನು ಕಾಯುವವರಿಲ್ಲ. ಕೂಲಿಯನ್ನು ಆರಿಸಿಕೊಳ್ಳುವುದೆಂದರೆ ಹಿಂಡನ್ನು ಕೈಬಿಡುವುದೆಂದೇ ಅರ್ಥ. ಎಮ್ಮೆಯೊಂದನ್ನು ಕಟ್ಟಿಕೊಂಡು ಬದುಕುತ್ತಿದ್ದ, ಸ್ವಂತ ಹೆಸರಿನಲ್ಲಿ ಹೊಲವಿಲ್ಲದ ಹೆಂಗಸಿನ ಸ್ಥಿತಿಯೂ ಇದೇ.

ಸಂಸ್ಥಾನಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಬಿಜಾಪುರ ಮತ್ತು ಸೋಲಾಪುರ ಬ್ರಿಟಿಷ್ ಜಿಲ್ಲೆಗಳಾಗಿದ್ದವು. ಜತ್ತ ಮತ್ತು ಅಕ್ಕಲಕೋಟೆಗಳು ದೇಶೀ ಸಂಸ್ಥಾನಗಳು. ಬ್ರಿಟಿಷ್ ಅಧಿನಿಯಮಗಳು ಸಂಸ್ಥಾನಗಳಿಗೆ ತಾವಾಗಿಯೇ ಅನ್ವಯವಾಗುತ್ತಿರಲಿಲ್ಲ. ಆದುದರಿಂದ ಇಡೀ ಬಯಲಿಗೆ ಒಂದೇ ನಿಯಮವಿತ್ತೆಂದು ಭಾವಿಸಬಾರದು.

3. ಮುಚ್ಚಿದ ಹುಲ್ಲುಗಾವಲು, ತೆರೆದ ಹುಲ್ಲುಗಾವಲು

ಮೇವಿನ ಕೊರತೆಗೆ ಮಳೆಯೊಂದೇ ಕಾರಣವಾಗಿರಲಿಲ್ಲ. 1878ರ ಭಾರತೀಯ ಅರಣ್ಯ ಅಧಿನಿಯಮದ ಅನಂತರ, ಊರಿನ ದನಗಳು ಹಿಂದಿನಿಂದಲೂ ಮೇಯುತ್ತಿದ್ದ ಗುಡ್ಡ, ಕುರುಚಲು ಕಾಡುಗಳು ಮೀಸಲು ಅರಣ್ಯದ ಸೀಮೆಯೊಳಗೆ ಸೇರತೊಡಗಿದವು. ಮೇಯಿಸುವುದಕ್ಕೆ ಪರವಾನಗಿಯೂ ಶುಲ್ಕವೂ ಬೇಕಾದವು. ನಿಯಮ ಮೀರಿದ ದನ ದೊಡ್ಡಿ ಸೇರಿತು. ಜೋತಿರಾವ ಫುಲೆಯವರು 1883ರಲ್ಲಿ ಬರೆದು ಮುಗಿಸಿದ ‘ಶೇತಕರ್‍ಯಾಚಾ ಅಸೂಡ’ದಲ್ಲಿ ರೈತರ ಗೋಮಾಳಗಳನ್ನು ಅರಣ್ಯ ಇಲಾಖೆ ನುಂಗಿದ್ದನ್ನು ಕಟುವಾಗಿ ಟೀಕಿಸಿದ್ದಾರೆ. ತಗಾವಿಯ ಅಧಿನಿಯಮಗಳು ಬಂದ ವರ್ಷಗಳಲ್ಲಿಯೇ ಈ ದೂರು ಮೊಳಗಿತೆಂಬುದು ಆಕಸ್ಮಿಕವಲ್ಲ.

ಇದೇ ಕಾಲದ ಕ್ಷಾಮ ಸಂಹಿತೆಗಳು, ತೀವ್ರ ಬರದಲ್ಲಿ ಅರಣ್ಯಗಳನ್ನು ದನಗಳ ಮೇವಿಗೆ ತೆರೆಯಬೇಕೆಂದೂ ಹುಲ್ಲು ಕೊಯ್ಯಲು ಅವಕಾಶ ಕೊಡಬೇಕೆಂದೂ ವಿಧಿಸಿದವು. ಸರ್ಕಾರಿ ದಾಖಲೆಗಳಲ್ಲಿ ಇದು ‘ನೆರವು’ ಎಂಬ ಶೀರ್ಷಿಕೆಯಡಿ ಬರುತ್ತದೆ. ಊರಿನವರ ದೃಷ್ಟಿಯಲ್ಲಿ ಇದು ತಮ್ಮಿಂದ ತೆಗೆದುಕೊಂಡದ್ದನ್ನು ಕೆಲವು ತಿಂಗಳ ಮಟ್ಟಿಗೆ ಹಿಂದಿರುಗಿಸಿದಂತೆ. ಇತಿಹಾಸಕಾರನು ನೆರವಿನ ಮೊತ್ತವನ್ನು ಕೂಡಿಸುವಾಗ ಈ ಎರಡು ದೃಷ್ಟಿಗಳನ್ನೂ ಎದುರುಬದುರು ಇಟ್ಟು ನೋಡಬೇಕಾಗುತ್ತದೆ. ನೆಲವಿಲ್ಲದ ಪಶುಪಾಲಕನಿಗೆ ಸಿಕ್ಕ ದೊಡ್ಡ ನೆರವೆಂದರೆ ಇದೊಂದೇ ಎಂಬುದೂ ಸ್ಮರಣೀಯ; ಗುಡ್ಡದ ಹುಲ್ಲು ಯಾರ ಹೊಲದ ಉತಾರವನ್ನೂ ಕೇಳುವುದಿಲ್ಲ. ಆದರೆ ಮಳೆನೆರಳಿನ ಈ ಬಯಲಿನಲ್ಲಿ ಕಾಡು ಮೊದಲೇ ವಿರಳ. ಸಹ್ಯಾದ್ರಿಯ ಕಾಡುಗಳವರೆಗೆ ಬಡಕಲು ದನವನ್ನು ನಡೆಸಿಕೊಂಡು ಹೋಗುವುದೇ ಒಂದು ಅಪಾಯವಾಗಿತ್ತು.

4. 1896ರಿಂದ 1901ರವರೆಗೆ

1896–97ರ ಕ್ಷಾಮದಲ್ಲಿ ಮುಂಬಯಿ ಪ್ರಾಂತದ ತೀವ್ರಪೀಡಿತ ಜಿಲ್ಲೆಗಳಲ್ಲಿ ಬಿಜಾಪುರ, ಸೋಲಾಪುರಗಳು ಸೇರಿದ್ದವು. ಆ ವರ್ಷ ಪುಣೆಯ ಸಾರ್ವಜನಿಕ ಸಭೆಯು, ತಿಲಕರ ಪ್ರೇರಣೆಯಿಂದ, ಕ್ಷಾಮ ಸಂಹಿತೆಯಲ್ಲಿ ರೈತರಿಗೆ ಏನೇನು ಹಕ್ಕುಗಳಿವೆಯೆಂಬುದನ್ನು ಹಳ್ಳಿಗಳಿಗೆ ತಿಳಿಸುವ ಚಳವಳಿ ನಡೆಸಿತು. ಕಂದಾಯ ಮಾಫಿ, ತಡೆ, ತಗಾವಿ, ಇವು ಸರ್ಕಾರದ ಕೃಪೆಯಲ್ಲ, ಬರೆದಿಟ್ಟ ನಿಯಮ ಎಂಬ ಅರಿವು ಗ್ರಾಮಾಂತರದಲ್ಲಿ ಹರಡಿದ್ದು ಈ ಸಂದರ್ಭದಲ್ಲಿ. 1897ರಲ್ಲಿ ಸರ್ಕಾರ ಸಭೆಗೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ನೆರವಿನ ನಿಯಮವನ್ನು ಜನರಿಗೆ ಓದಿ ಹೇಳುವುದೇ ರಾಜಕೀಯ ಕ್ರಿಯೆಯಾಗಿ ಪರಿಣಮಿಸಿದ ಪ್ರಸಂಗವಿದು.

1899–1900ರ ಕ್ಷಾಮ ದನಗಳ ಚರಿತ್ರೆಯಲ್ಲಿ ಬೇರೆಯೇ ಸ್ಥಾನ ಪಡೆದಿದೆ. ಗುಜರಾತಿನಲ್ಲಿ ವಿಕ್ರಮ ಸಂವತ್ 1956ರ ಹೆಸರಿನಿಂದ ಇಂದಿಗೂ ನೆನೆಯಲ್ಪಡುವ ಆ ವರ್ಷ, ಹುಲ್ಲಿನ ನಾಡೆಂದು ಹೆಸರಾಗಿದ್ದ ಪ್ರದೇಶದಲ್ಲಿಯೇ ದನಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ಕಾಂಕ್ರೇಜ್ ತಳಿಯೇ ಅಳಿಯಬಹುದೆಂಬ ಭಯದಿಂದ ಗವರ್ನರ್ ನಾರ್ತ್‌ಕೋಟರ ಕಾಲದಲ್ಲಿ ಛಾರೋಡಿಯಲ್ಲಿ ದನಗಳ ಕ್ಷೇತ್ರವೊಂದು ಆರಂಭವಾಯಿತು. ಇಲ್ಲಿ ಸರ್ಕಾರ ತಳಿಯನ್ನು ಉಳಿಸಲು ಹೊರಟಿತೇ ಹೊರತು ದನದ ಒಡೆಯನನ್ನಲ್ಲ ಎಂಬುದನ್ನು ಗುರುತಿಸಬೇಕು. ಆಂಟನಿ ಮೆಕ್‌ಡೊನೆಲ್ ಅಧ್ಯಕ್ಷತೆಯ 1901ರ ಆಯೋಗವು ತಗಾವಿಯನ್ನು ಹೆಚ್ಚು ಧಾರಾಳವಾಗಿಯೂ ಸಕಾಲದಲ್ಲಿಯೂ ಕೊಡಬೇಕೆಂದು ಒತ್ತಿ ಹೇಳಿತು. ಪರಸ್ಪರ ಸಾಲದ ಸಂಘಗಳನ್ನೂ ಶಿಫಾರಸು ಮಾಡಿತು. 1904ರ ಸಹಕಾರಿ ಸಾಲ ಸಂಘಗಳ ಅಧಿನಿಯಮಕ್ಕೂ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಹುಟ್ಟಿದ ಕೃಷಿ ಸಹಕಾರ ಸಂಘಕ್ಕೂ ಹಿನ್ನೆಲೆಯಾಗಿ ಈ ಚಿಂತನೆಯಿದೆ. ಸಹಕಾರವೂ ಬಹುಕಾಲ ನೆಲವುಳ್ಳವರ ಸಂಸ್ಥೆಯಾಗಿಯೇ ಬೆಳೆಯಿತು.

5. ಛಾವಣಿ ಮತ್ತು ಗೋಶಾಲೆ

ಸ್ವಾತಂತ್ರ್ಯಾನಂತರದ ದೊಡ್ಡ ಪರೀಕ್ಷೆ 1972–73ರದು. ಮಹಾರಾಷ್ಟ್ರದಲ್ಲಿ 1973ರ ಬೇಸಗೆಯಲ್ಲಿ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರ ಸಂಖ್ಯೆ ಸುಮಾರು 50 ಲಕ್ಷ ತಲುಪಿತು. ಮುಂದೆ ಉದ್ಯೋಗ ಖಾತರಿ ಯೋಜನೆಯೆಂಬ ಹೆಸರಿನಲ್ಲಿ ಬೆಳೆದ ಕಾರ್ಯಕ್ರಮಕ್ಕೆ ಬಲ ಬಂದದ್ದು ಈ ಅನುಭವದಿಂದ. ದನಗಳಿಗಾಗಿ ತೆರೆದ ಶಿಬಿರಗಳಿಗೆ ಸಹಕಾರಿ ಸಕ್ಕರೆ ಕಾರ್ಖಾನೆಗಳ ವಲಯ ಒತ್ತಾಸೆಯಾಯಿತು. ನೀರಾವರಿಯ ಕಬ್ಬಿನ ಸೋಗೆ ಒಣಬಯಲಿನ ಕಣಿಕೆಯ ಸ್ಥಾನಕ್ಕೆ ಬಂದಿತು. ಮೇವು ಎಲ್ಲಿದೆಯೋ ಅಲ್ಲಿ ಅಧಿಕಾರವೂ ಇರುತ್ತದೆ. ಕಬ್ಬಿನ ಸೀಮೆಯ ಸಂಸ್ಥೆಗಳು ಬರದ ಸೀಮೆಯ ದನಗಳ ಪಾಲಕರಾದದ್ದು ಮಹಾರಾಷ್ಟ್ರದ ಗ್ರಾಮೀಣ ರಾಜಕೀಯವನ್ನು ಅಭ್ಯಸಿಸುವವರು ಗಮನಿಸಬೇಕಾದ ಸಂಗತಿ.

ಮಹಾರಾಷ್ಟ್ರದಲ್ಲಿ ಈ ಶಿಬಿರಗಳಿಗೆ ‘ಚಾರಾ ಛಾವಣಿ’ ಎಂದು ಹೆಸರು. ಕನ್ನಡದ ಇಂದಿನ ಬಳಕೆಯಲ್ಲಿ ‘ಛಾವಣಿ’ ಎಂದರೆ ಮಾಡು. ಮರಾಠಿಯಲ್ಲಿ ದಂಡು ಬೀಡುಬಿಟ್ಟ ಸ್ಥಳ. ಜತ್ತ, ಅಕ್ಕಲಕೋಟೆಗಳ ಕನ್ನಡಿಗರು ಈ ಎರಡನೆಯ ಅರ್ಥದಲ್ಲಿಯೇ ಮಾತನ್ನು ಬಳಸುತ್ತಾರೆ. ಗಡಿಯ ಈಚೆಗೆ, ಕರ್ನಾಟಕದಲ್ಲಿ, ಬರಗಾಲದ ಶಿಬಿರಕ್ಕೆ ಸರ್ಕಾರ ಕೊಟ್ಟ ಹೆಸರು ‘ಗೋಶಾಲೆ’. ಮೇವನ್ನು ರಿಯಾಯಿತಿ ದರದಲ್ಲಿ ಮಾರುವ ಕೇಂದ್ರಕ್ಕೆ ‘ಮೇವಿನ ಬ್ಯಾಂಕು’. ಒಂದು ಹೆಸರು ದಂಡಿನಿಂದ, ಇನ್ನೊಂದು ಮಠಮಂದಿರಗಳ ಪರಂಪರೆಯಿಂದ, ಮತ್ತೊಂದು ಲೇವಾದೇವಿಯಿಂದ ಬಂದಿದೆ. ಬಿಡಾರ, ಆಶ್ರಯ, ವ್ಯವಹಾರ ಎಂಬ ಮೂರು ಕಲ್ಪನೆಗಳು ನೆರವಿನ ಭಾಷೆಯಲ್ಲಿ ಅಕ್ಕಪಕ್ಕದಲ್ಲಿ ಇರುವುದು ಭಾಷಾಭ್ಯಾಸಿಗಳಿಗೂ ಆಸಕ್ತಿಯ ವಿಷಯ.

2018ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಸರ್ಕಾರ 151 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. 2019ರ ಮೇ ಹೊತ್ತಿಗೆ ಸಾವಿರಕ್ಕೂ ಮೀರಿದ ಶಿಬಿರಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ದನಗಳಿದ್ದವು; ಬೀಡ, ಅಹಮದನಗರ, ಸೋಲಾಪುರ ಜಿಲ್ಲೆಗಳ ಪಾಲು ಇದರಲ್ಲಿ ದೊಡ್ಡದು. ದಿನವೊಂದಕ್ಕೆ ಸಲ್ಲುವ ಅನುದಾನವನ್ನು ಆ ಬೇಸಗೆಯಲ್ಲಿ ಹಂತಹಂತವಾಗಿ ಏರಿಸಿ ದೊಡ್ಡ ದನಕ್ಕೆ 100 ರೂಪಾಯಿ, ಸಣ್ಣದಕ್ಕೆ 50 ರೂಪಾಯಿಗೆ ತರಲಾಯಿತು. ಈ ಹಣ ದನದ ಒಡೆಯನ ಕೈಗೆ ಬರುವಂಥದಲ್ಲ. ಶಿಬಿರ ನಡೆಸುವ ಸಂಸ್ಥೆಗೆ ಸಲ್ಲುವಂಥದು. ಒಡೆಯನಿಗೆ ಸಿಗುವುದು ಮೇವು ಮತ್ತು ನೀರು. ದನದ ಜೊತೆಗೆ ಮನೆಯ ಒಬ್ಬರಾದರೂ ಶಿಬಿರದಲ್ಲಿ ಇರಬೇಕಾಗುತ್ತದೆ. ತಿಂಗಳುಗಟ್ಟಲೆ ಗೂಟದ ಪಕ್ಕದಲ್ಲಿ ಬಿಡಾರ ಹೂಡಿದವರ ದುಡಿಮೆ ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ.

ಶಿಬಿರವು ಕಟ್ಟಿ ಮೇಯಿಸುವ ದನಕ್ಕೆ ಹೊಂದುವ ವ್ಯವಸ್ಥೆ. ಕುರಿ ನಡೆಯುತ್ತಾ ಮೇಯುವ ಪ್ರಾಣಿ. ನೂರಾರು ಕುರಿಗಳ ಹಿಂಡನ್ನು ಗೂಟಕ್ಕೆ ಕಟ್ಟಲಾಗದು. ಹೀಗೆ ನೆಲದ ದಾಖಲೆ ಬೇಡದ ನೆರವು ಬಂದಾಗಲೂ ಅದರ ಆಕಾರವೇ ಕುರಿಗಾರನಿಗೆ ಒಗ್ಗದಾಯಿತು.

6. ತಲೆಲೆಕ್ಕದ ಪರಿಹಾರ

ಒಂಬತ್ತನೆಯ ಹಣಕಾಸು ಆಯೋಗದ ಶಿಫಾರಸಿನಂತೆ 1990ರಲ್ಲಿ ವಿಪತ್ತು ಪರಿಹಾರ ನಿಧಿ ಸ್ಥಾಪಿತವಾಯಿತು. ಕೇಂದ್ರದ ಪಾಲು ಶೇಕಡಾ 75, ರಾಜ್ಯದ್ದು 25. 2005ರ ವಿಪತ್ತು ನಿರ್ವಹಣಾ ಅಧಿನಿಯಮದ ಅನಂತರ, 2010ರಿಂದ, ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಸ್ಪಂದನ ನಿಧಿಗಳು ಅದರ ಸ್ಥಾನಕ್ಕೆ ಬಂದವು. ಇವುಗಳ ಮಾನದಂಡದಲ್ಲಿ ಸತ್ತ ಪ್ರಾಣಿಗೆ ಹಿಂದಿರುಗಿಸಬೇಕಿಲ್ಲದ ಹಣ ಸಲ್ಲುತ್ತದೆ. ತಗಾವಿಯಿಂದ ಪರಿಹಾರಕ್ಕೆ, ಅಂದರೆ ಸಾಲದಿಂದ ಅನುದಾನಕ್ಕೆ ಬಂದ ಈ ಬದಲಾವಣೆಯನ್ನು ಈ ಚರಿತ್ರೆಯ ಅತಿ ದೊಡ್ಡ ತಿರುವೆಂದು ಹೇಳಬಹುದಾಗಿದೆ.

2015ರ ಮಾನದಂಡದಂತೆ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 30,000 ರೂಪಾಯಿ, ದುಡಿಯುವ ಎತ್ತಿಗೆ 25,000, ಕರುವಿಗೆ 16,000, ಕುರಿ ಅಥವಾ ಮೇಕೆಗೆ 3,000 ನಿಗದಿಯಾಗಿತ್ತು. 2022ರ ಪರಿಷ್ಕರಣದಲ್ಲಿ ಇವು ಕ್ರಮವಾಗಿ 37,500, 32,000, 20,000 ಮತ್ತು 4,000 ಆದವು. ಕುಟುಂಬವೊಂದಕ್ಕೆ ಹೆಚ್ಚೆಂದರೆ ಮೂರು ದೊಡ್ಡ ಹೈನು ಪ್ರಾಣಿ ಅಥವಾ ಮೂವತ್ತು ಸಣ್ಣ ಪ್ರಾಣಿಗಳಿಗೆ ಮಾತ್ರ ಪರಿಹಾರ. ಅದಕ್ಕಿಂತ ಹೆಚ್ಚು ಸತ್ತಿದ್ದರೂ ಮಿತಿ ಮೀರುವಂತಿಲ್ಲ.

ಈ ಪಟ್ಟಿಯಲ್ಲಿ ಎರಡು ಸಂಗತಿಗಳನ್ನು ಓದಬಹುದು. ಮೊದಲನೆಯದು, ಹಸುವಿನ ಬೆಲೆ ಎತ್ತಿನ ಬೆಲೆಯನ್ನು ಮೀರಿದೆ. ನೂರು ವರ್ಷಗಳ ಹಿಂದೆ ‘ದನ’ ಎಂದರೆ ಉಳುವ ಎತ್ತೆಂದಿದ್ದ ಸರ್ಕಾರಕ್ಕೆ ಈಗ ‘ದನ’ ಎಂದರೆ ಮೊದಲು ಹೈನು. 1970ರ ಅನಂತರದ ಹಾಲಿನ ಕ್ರಾಂತಿ, ಟ್ರ್ಯಾಕ್ಟರಿನ ಪ್ರಸಾರ, ಇವೆರಡೂ ಈ ಅಂಕಿಗಳ ಹಿಂದಿವೆ. ಎರಡನೆಯದು, 2015ರ ಮಾನದಂಡದಲ್ಲಿ ಈ ಬಾಬಿನ ಶೀರ್ಷಿಕೆಯೇ ಸಣ್ಣ ಮತ್ತು ಅತಿಸಣ್ಣ ರೈತರಿಗೆ ನೆರವು ಎಂದಿತ್ತು. ಸಣ್ಣ, ಅತಿಸಣ್ಣ ಎಂಬುವು ದನದ ಎಣಿಕೆಯಿಂದ ಹುಟ್ಟಿದ ವರ್ಗಗಳಲ್ಲ, ಹಿಡುವಳಿಯ ಅಳತೆಯಿಂದ ಹುಟ್ಟಿದವು. ಹಣ ಮರಳಿ ಬರಬೇಕಿದ್ದಾಗ ನೆಲದ ಆಧಾರ ಕೇಳಿದ್ದಕ್ಕೆ ಒಂದು ಅರ್ಥವಿತ್ತು. ಹಣ ಮರಳಬೇಕಿಲ್ಲವೆಂದಾದ ಮೇಲೂ ನೆಲದ ಭಾಷೆಯೇ ಉಳಿದು ಬಂದದ್ದು ಹಳೆಯ ಅಭ್ಯಾಸದ ಬಲವನ್ನು ತೋರಿಸುತ್ತದೆ.

ಎರಡು ಸರ್ಕಾರಗಳ ನಡುವಣ ಭೇದ ಸ್ಪಷ್ಟವಾಗಿ ಕಂಡದ್ದು 2022ರ ಚರ್ಮಗಂಟು ರೋಗದ ಕಾಲದಲ್ಲಿ. 2019ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಈ ರೋಗ 2022ರಲ್ಲಿ ರಾಜಸ್ಥಾನ, ಗುಜರಾತುಗಳಿಂದ ಹಬ್ಬಿ ದೇಶದಲ್ಲಿ ಒಂದು ಲಕ್ಷಕ್ಕೂ ಮೀರಿ ದನಗಳನ್ನು ಬಲಿ ತೆಗೆದುಕೊಂಡಿತು. ಮಹಾರಾಷ್ಟ್ರವು ಸತ್ತ ಹಸುವಿಗೆ 30,000, ಎತ್ತಿಗೆ 25,000, ಕರುವಿಗೆ 16,000 ರೂಪಾಯಿ ಕೊಟ್ಟಿತು. 2015ರ ರಾಷ್ಟ್ರೀಯ ಪಟ್ಟಿಯ ಅಂಕಿಗಳೇ ಇವು. ಕರ್ನಾಟಕವು ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಘೋಷಿಸಿತು. ಜತ್ತದ ಕನ್ನಡ ಊರಿನಲ್ಲಿ ಸತ್ತ ಹಸುವಿಗೂ ವಿಜಯಪುರ ಜಿಲ್ಲೆಯ ಪಕ್ಕದ ಊರಿನಲ್ಲಿ ಸತ್ತ ಹಸುವಿಗೂ 10,000 ರೂಪಾಯಿಯ ಅಂತರ. ಎತ್ತಿಗೆ 5,000 ರೂಪಾಯಿಯ ಅಂತರ, ಆದರೆ ತಿರುಗುಮುರುಗು. ಕರ್ನಾಟಕದ ಪಟ್ಟಿಯಲ್ಲಿ ಉಳುವ ಎತ್ತಿನ ಹಳೆಯ ಗೌರವ ಉಳಿದಿದೆ. ಮಹಾರಾಷ್ಟ್ರದ ಪಟ್ಟಿಯಲ್ಲಿ ಹೈನಿನ ಲೆಕ್ಕ ಮುಂದಾಗಿದೆ. ಒಂದೇ ಖಿಲಾರಿ ತಳಿಯ ಎರಡು ಬೆಲೆಗಳು ಎರಡು ರಾಜ್ಯಗಳು ಕೃಷಿಯನ್ನು ಕಲ್ಪಿಸಿಕೊಂಡ ರೀತಿಯನ್ನೇ ಸೂಚಿಸುತ್ತವೆಯೆಂದು ಊಹಿಸಲು ಅವಕಾಶವಿದೆ.

7. ಹಿಂಡಿನ ಒಡೆಯ

ಈಗ ಕುರಿಗಾರನತ್ತ ಮರಳಬಹುದು. ಗಡಿಯ ಈ ಬದಿಯ ಕುರುಬರೂ ಆ ಬದಿಯ ಧನಗರರೂ ದಖ್ಖನಿ ಕುರಿಗಳ ಹಿಂಡಿನೊಡನೆ ವರ್ಷದ ಬಹುಭಾಗ ಅಲೆಯುವವರು. ಎರಡು ನೂರು ಕುರಿಗಳ ಹಿಂಡೊಂದು ಅಕಾಲಿಕ ಮಳೆಗೋ ಸಿಡಿಲಿಗೋ ಸಿಕ್ಕು ಪೂರ್ತಿ ನಾಶವಾಯಿತೆಂದು ಇಟ್ಟುಕೊಳ್ಳೋಣ. 2022ರ ದರದಂತೆ ಮೂವತ್ತು ಕುರಿಗಳಿಗೆ ಸಲ್ಲುವುದು 1,20,000 ರೂಪಾಯಿ. ಉಳಿದ ನೂರ ಎಪ್ಪತ್ತು ಕುರಿಗಳು ಲೆಕ್ಕದ ಹೊರಗೆ. ಮೂರು ಎಮ್ಮೆಗಳನ್ನಷ್ಟೇ ಸಾಕಿದ್ದು ಮೂರನ್ನೂ ಕಳೆದುಕೊಂಡ ಮನೆಗೆ ಸಲ್ಲುವುದು 1,12,500 ರೂಪಾಯಿ. ಅದು ಕಳೆದುಕೊಂಡ ಪ್ರಾಣಿಗಳೆಲ್ಲ ಲೆಕ್ಕದ ಒಳಗೆ. ಮಿತಿಯನ್ನು ನಿಗದಿಪಡಿಸಿದವರ ಮನಸ್ಸಿನಲ್ಲಿ ಇದ್ದುದು ಕೃಷಿಯ ಜೊತೆಗೆ ಹತ್ತಿಪ್ಪತ್ತು ಕುರಿ ಕಟ್ಟಿಕೊಂಡ ಸಂಸಾರವೇ ಹೊರತು ಕುರಿಯನ್ನೇ ನಂಬಿದ ಸಂಸಾರವಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಪುರಾವೆಯ ತೊಡಕೂ ಉಂಟು. ಪರಿಹಾರಕ್ಕೆ ಪಂಚನಾಮೆ ಬೇಕು, ಪಶುವೈದ್ಯರ ಮರಣೋತ್ತರ ವರದಿ ಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಹನ್ನೆರಡು ಅಂಕಿಗಳ ಕಿವಿಯೋಲೆಯನ್ನು ದನಗಳಿಗೆ ವ್ಯಾಪಕವಾಗಿ ತೊಡಿಸಲಾಯಿತು. ಮನೆಯ ಹಿತ್ತಿಲಲ್ಲಿ ಸತ್ತ ಹಸುವಿಗೆ ಈ ಕಾಗದಗಳನ್ನು ಹೊಂದಿಸುವುದು ಸಾಧ್ಯ. ಸ್ವಂತ ಊರಿನಿಂದ ಎರಡು ತಾಲ್ಲೂಕು ಆಚೆ, ಪರರ ಹೊಲದಲ್ಲಿ ಸತ್ತ ಕುರಿಗೆ ಯಾವ ಕಚೇರಿಯ ಪಂಚನಾಮೆ ಎಂಬ ಪ್ರಶ್ನೆ ಸುಲಭವಾಗಿ ಬಗೆಹರಿಯುವಂಥದಲ್ಲ. ರಾಜ್ಯದ ಗಡಿಯನ್ನೇ ದಾಟಿದ ಹಿಂಡಿನ ವಿಷಯದಲ್ಲಿ ಇದು ಇನ್ನಷ್ಟು ಜಟಿಲ.

ಬೇರೆ ದಾರಿ ಇಲ್ಲದಿಲ್ಲವೆಂಬುದಕ್ಕೆ ಕರ್ನಾಟಕದ ‘ಅನುಗ್ರಹ’ ಯೋಜನೆಯನ್ನು ಉದಾಹರಿಸಬಹುದು. ಕೆಲಕಾಲ ನಿಂತಿದ್ದು 2023ರಲ್ಲಿ ಮತ್ತೆ ಜಾರಿಗೆ ಬಂದ ಈ ಯೋಜನೆಯಲ್ಲಿ ಆಕಸ್ಮಿಕವಾಗಿ ಸತ್ತ ಕುರಿ, ಮೇಕೆಗೆ 5,000 ರೂಪಾಯಿ ಪರಿಹಾರವಿತ್ತು. 2025ರ ಆಯವ್ಯಯದಲ್ಲಿ ಅದನ್ನು 7,500ಕ್ಕೆ ಏರಿಸಲಾಯಿತು. ಇಲ್ಲಿ ಪರಿಹಾರದ ಆಧಾರ ಪ್ರಾಣಿ, ನೆಲವಲ್ಲ. 1884ರ ಅಧಿನಿಯಮದ ಎದುರಿಗೆ ಇದನ್ನು ಇಟ್ಟು ನೋಡಿದಾಗ, ಮೊತ್ತ ಎಷ್ಟೇ ಸಣ್ಣದಾಗಿರಲಿ, ತತ್ತ್ವದ ಮಟ್ಟಿಗೆ ಒಂದು ಹೆಜ್ಜೆ ಮುಂದೆ ಇಟ್ಟಂತಾಗಿದೆ.

8. ಉಪಸಂಹಾರ

ತಗಾವಿ, ತೆರೆದ ಅರಣ್ಯ, ಛಾವಣಿ, ತಲೆಲೆಕ್ಕದ ಪರಿಹಾರ, ಈ ನಾಲ್ಕು ಘಟ್ಟಗಳನ್ನು ಒಟ್ಟಾಗಿ ನೋಡಿದಾಗ ಸರ್ಕಾರದ ನೆರವು ಕ್ರಮೇಣ ಹೆಚ್ಚು ಉದಾರವಾಗಿದೆಯೆಂದು ಒಪ್ಪಬೇಕು. ಆದರೆ ಉದಾರತೆ ಬೆಳೆದಷ್ಟು ಅದರ ಕಣ್ಣಳತೆ ಬೆಳೆಯಲಿಲ್ಲ. ಪಶುಪಾಲನೆಯನ್ನು ಒಕ್ಕಲುತನದ ಒಂದು ಬಾಲವೆಂದು ಕಂಡ ದೃಷ್ಟಿ, ಸಾಲದ ಕಾನೂನಿನಿಂದ ಅನುದಾನದ ಮಾನದಂಡದವರೆಗೆ ಸಾಗಿಬಂದಿದೆ. ಇಂದು ಒಣಬಯಲಿನ ಊರುಗಳಲ್ಲಿ ಬರಗಾಲದ ನೆರವನ್ನು ಕುರಿತು ನಡೆಯುವ ತಕರಾರುಗಳ ಬೇರು ಇಲ್ಲಿದೆ.

ಈ ಚರಿತ್ರೆಯನ್ನು ಪೂರ್ಣವಾಗಿ ಬರೆಯುವ ಹೊಣೆ ವಿಶೇಷವಾಗಿ ಹೊರನಾಡಿನ ಕನ್ನಡ ಸಂಶೋಧಕರ ಮೇಲಿದೆಯೆಂದು ಕೊನೆಯಲ್ಲಿ ಸೂಚಿಸಬಯಸುತ್ತೇವೆ. ಕಾರಣ ಸರಳವಾದುದು. ಬಿಜಾಪುರ, ಧಾರವಾಡ, ಬೆಳಗಾವಿಗಳ ತಗಾವಿ ಕಡತಗಳನ್ನು ಒಳಗೊಂಡ ಮುಂಬಯಿ ಪ್ರಾಂತದ ಕಂದಾಯ ಇಲಾಖೆಯ ದಾಖಲೆಗಳು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ಬಳ್ಳಾರಿಯ ದಾಖಲೆಗಳನ್ನು ಚೆನ್ನೈಯಲ್ಲಿ, ಕಲಬುರಗಿ, ರಾಯಚೂರು, ಬೀದರಗಳ ನಿಜಾಮಶಾಹಿಯ ದಾಖಲೆಗಳನ್ನು ಹೈದರಾಬಾದಿನಲ್ಲಿ, ಕೇಂದ್ರದ ಕಂದಾಯ ಮತ್ತು ಕೃಷಿ ಇಲಾಖೆಯ ಕ್ಷಾಮ ಕಡತಗಳನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಹುಡುಕಬೇಕು. ಕನ್ನಡ ನಾಡಿನ ದನದ ಕಥೆ ಕನ್ನಡ ನಾಡಿನ ಹೊರಗೆ ಕುಳಿತಿದೆ. ಆ ಕಡತಗಳಲ್ಲಿ ಸಾಲ ಪಡೆದವರ ಪಟ್ಟಿಗಳು ಸಿಗುತ್ತವೆ. ಅವುಗಳನ್ನು ಓದುವಾಗ ಪಟ್ಟಿಯಲ್ಲಿ ಯಾರ ಹೆಸರಿದೆಯೆಂದು ನೋಡುವಷ್ಟೇ ಎಚ್ಚರದಿಂದ, ಅದೇ ಊರಿನಲ್ಲಿ ಅದೇ ವರ್ಷ ಹಿಂಡು ಕಳೆದುಕೊಂಡವರಲ್ಲಿ ಯಾರ ಹೆಸರು ಅಲ್ಲಿ ಇಲ್ಲವೆಂಬುದನ್ನೂ ನೋಡಬೇಕಾಗಿದೆ.